ಅತ್ತಿಬೆಲೆ ದಾಟಿದ ಕೂಡಲೇ ನೆಟ್‌ವರ್ಕ್ ಯಾಕೆ ಹೋಗ್ತದೆ? ಮೊಬೈಲ್ ಸಿಗ್ನಲ್‌ನ ಒಳಗುಟ್ಟು

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ ದಾಟಿ ಅತ್ತಿಬೆಲೆಗೆ ಬಂದರೆ ಕರ್ನಾಟಕ ಮುಗಿಯಿತು. ಅಲ್ಲಿಂದ ಮುಂದೆ ಜುಜುವಾಡಿ, ಆಮೇಲೆ ಹೊಸೂರು. ಕೆಲಸಕ್ಕೆಂದೋ ವ್ಯಾಪಾರಕ್ಕೆಂದೋ ಈ ದಾರಿಯಲ್ಲಿ ದಿನಾ ಓಡಾಡುವ ನಮ್ಮವರಿಗೆ ಒಂದು ಅನುಭವ ಮಾಮೂಲು. ಅತ್ತಿಬೆಲೆಯ ಆಸುಪಾಸಿನಲ್ಲಿ ಮಾತು ತುಂಡು ತುಂಡಾಗಿ ಕೇಳಿಸ್ತದೆ, ಕೆಲವೊಮ್ಮೆ ಕಾಲ್ ಕಟ್ ಆಗ್ತದೆ, ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೂಲೆಯಲ್ಲಿ ರೋಮಿಂಗ್ ಗುರುತು ಬರ್ತದೆ. ಕೆಲವರ ಫೋನಿನಲ್ಲಿ ಕಡ್ಡಿಗಳು ತುಂಬಾ ಇದ್ದರೂ ಇಂಟರ್‌ನೆಟ್ ಮಾತ್ರ ಓಡುವುದಿಲ್ಲ. ಮಂಗಳೂರಿನಿಂದ ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ ಕಡೆ ಹೋಗುವವರಿಗೂ ಇದು ಹೊಸದೇನಲ್ಲ.

"ಟವರ್ ಕಣ್ಣೆದುರೇ ಉಂಟು, ಮತ್ತೆ ಸಿಗ್ನಲ್ ಯಾಕಿಲ್ಲ?" ಎಂದು ಯುವಕರು ಕೇಳುವ ಪ್ರಶ್ನೆ ಸಣ್ಣದಲ್ಲ. ಇವತ್ತು ಅಂಗಡಿಯ ಯುಪಿಐ, ಬ್ಯಾಂಕಿನ ಒಟಿಪಿ, ಮಕ್ಕಳ ಆನ್‌ಲೈನ್ ಅರ್ಜಿ, ಗಲ್ಫ್‌ನಲ್ಲಿರುವ ಮಗನ ವಿಡಿಯೋ ಕಾಲ್, ಹೆದ್ದಾರಿಯಲ್ಲಿ ಅಪಘಾತ ಆದಾಗ ಆಂಬುಲೆನ್ಸಿಗೆ ಮಾಡುವ ಕರೆ, ಎಲ್ಲವೂ ಕಣ್ಣಿಗೆ ಕಾಣದ ಆ ಸಿಗ್ನಲ್ ಮೇಲೆ ನಿಂತಿದೆ. ಅದು ಹೇಗೆ ಹೋಗ್ತದೆ, ಎಲ್ಲಿ ಸೋಲ್ತದೆ ಎಂದು ತಿಳಿದವನಿಗೆ ಅರ್ಧ ಸಮಸ್ಯೆಗೆ ಪರಿಹಾರ ಅವನ ಕೈಯಲ್ಲೇ ಸಿಗುತ್ತದೆ. ಹೊಸೂರು–ಕೃಷ್ಣಗಿರಿ ಸೀಮೆಯನ್ನೇ ಮುಂದಿಟ್ಟುಕೊಂಡು ಇದನ್ನು ನೋಡೋಣ.

ಇದು ಗಾಳಿಯಲ್ಲಿ ಹೋಗುವುದಲ್ಲ

ಸಿಗ್ನಲ್ ಗಾಳಿಯಲ್ಲಿ ಬರ್ತದೆ ಅಂತ ನಾವು ಹೇಳ್ತೇವೆ. ನಿಜ ಹೇಳಬೇಕೆಂದರೆ ಅದಕ್ಕೆ ಗಾಳಿ ಬೇಕಾಗಿಯೇ ಇಲ್ಲ. ಶಬ್ದಕ್ಕೆ ಗಾಳಿ ಬೇಕು. ರೇಡಿಯೋ ತರಂಗ ಏನೂ ಇಲ್ಲದ ಬಾಹ್ಯಾಕಾಶದಲ್ಲೂ ಹೋಗುತ್ತದೆ. ಇಲ್ಲದಿದ್ದರೆ ಉಪಗ್ರಹದ ಜೊತೆ ಮಾತನಾಡಲು ಆಗುತ್ತಿರಲಿಲ್ಲ.

ರೇಡಿಯೋ ತರಂಗ ಮತ್ತು ನಮ್ಮ ಕಣ್ಣಿಗೆ ಕಾಣುವ ಬೆಳಕು ಒಂದೇ ಕುಟುಂಬದವು. ಎರಡನ್ನೂ ವಿದ್ಯುತ್ಕಾಂತೀಯ ತರಂಗ ಎನ್ನುತ್ತಾರೆ. ಎರಡರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ವಸ್ತುಗಳಿಂದ ಬಂದ ಬೆಳಕು ಕಣ್ಣಿನೊಳಗೆ ಬಿದ್ದಾಗಲೇ ನಮಗೆ ಕಾಣುತ್ತದೆ ಎಂದು ಸಾವಿರ ವರ್ಷದ ಹಿಂದೆಯೇ ಪ್ರಯೋಗ ಮಾಡಿ ಬರೆದವರು ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈತಮ್. ಅವರ 'ಕಿತಾಬುಲ್ ಮನಾಝಿರ್' ದೃಕ್‌ಶಾಸ್ತ್ರದ ಬುನಾದಿ ಕೃತಿಗಳಲ್ಲಿ ಒಂದು. ಬೆಳಕು ವಿದ್ಯುತ್ಕಾಂತೀಯ ತರಂಗ ಎಂದು 1860ರ ದಶಕದಲ್ಲಿ ಗಣಿತದಿಂದ ತೋರಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೆನ್ರಿಕ್ ಹರ್ಟ್ಜ್ ಕಣ್ಣಿಗೆ ಕಾಣದ ಅಂಥ ತರಂಗಗಳನ್ನು ಪ್ರಯೋಗಾಲಯದಲ್ಲೇ ಹುಟ್ಟಿಸಿದರು. 1895ರಲ್ಲಿ ನಮ್ಮ ದೇಶದವರೇ ಆದ ಜಗದೀಶ್ ಚಂದ್ರ ಬೋಸ್ ಕೋಲ್ಕತ್ತಾದಲ್ಲಿ ತಂತಿಯಿಲ್ಲದೆ, ಗೋಡೆಯ ಆಚೆಯಿಂದ ಗಂಟೆ ಬಾರಿಸಿ ತೋರಿಸಿದರು. ಬೋಸ್ ಬಳಸಿದ್ದು ಮಿಲಿಮೀಟರ್ ಲೆಕ್ಕದ ಬಹಳ ಚಿಕ್ಕ ತರಂಗಗಳನ್ನು. ಇವತ್ತು 5ಜಿಯ ಅತಿವೇಗದ ಬ್ಯಾಂಡುಗಳು ಹೆಚ್ಚುಕಡಿಮೆ ಅದೇ ದಿಕ್ಕಿಗೆ ಹೋಗುತ್ತಿವೆ.

ತರಂಗದ ಉದ್ದ, ಆಟದ ನಿಯಮ

ಒಂದು ಸೆಕೆಂಡಿನಲ್ಲಿ ತರಂಗ ಎಷ್ಟು ಸಲ ಏರಿಳಿಯುತ್ತದೆ ಎನ್ನುವುದೇ ಅದರ ಆವರ್ತನ, ಅಂದರೆ ಫ್ರೀಕ್ವೆನ್ಸಿ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಎಂದು ಹೇಳುವಾಗ ಆ ಸಂಖ್ಯೆ ಮೆಗಾಹರ್ಟ್ಜ್‌ನಲ್ಲಿದೆ. ಆ ತರಂಗ ಸೆಕೆಂಡಿಗೆ 10 ಕೋಟಿ 13 ಲಕ್ಷ ಸಲ ಕಂಪಿಸುತ್ತದೆ ಎಂದರ್ಥ. ವೇಗವನ್ನು ಆವರ್ತನದಿಂದ ಭಾಗಿಸಿದರೆ ಒಂದು ತರಂಗದ ಉದ್ದ ಸಿಗುತ್ತದೆ. ಎಫ್‌ಎಂ ತರಂಗ ಸುಮಾರು 3 ಮೀಟರ್ ಉದ್ದ. ಮೊಬೈಲಿನ 900 ಮೆಗಾಹರ್ಟ್ಜ್ ತರಂಗ ಸುಮಾರು 33 ಸೆಂಟಿಮೀಟರ್, ಶಾಲೆಯ ಸ್ಕೇಲಿಗಿಂತ ಸ್ವಲ್ಪ ಉದ್ದ. 1800 ಮೆಗಾಹರ್ಟ್ಜ್ ಆದರೆ ಅದರ ಅರ್ಧ, ಒಂದು ಫೋನಿನ ಉದ್ದದಷ್ಟು. 5ಜಿಗೆ ಬಳಸುವ 3300 ಮೆಗಾಹರ್ಟ್ಜ್‌ನದ್ದು ಸುಮಾರು 9 ಸೆಂಟಿಮೀಟರ್.

ಈ ಲೆಕ್ಕ ಯಾಕೆ ಮುಖ್ಯ? ಉದ್ದ ತರಂಗ ಅಡ್ಡ ಬಂದ ಗುಡ್ಡ, ಕಟ್ಟಡಗಳ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆ ಹೋಗಬಲ್ಲದು, ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ಗಿಡ್ಡ ತರಂಗ ಹೆಚ್ಚು ಡೇಟಾ ಹೊರುವ ಜಾಗದಲ್ಲಿರುತ್ತದೆ, ಆದರೆ ಗೋಡೆ, ಮರ, ಮಳೆಗೆ ಬೇಗ ಸೋಲುತ್ತದೆ. ಹಾಗಾಗಿ ಹಳ್ಳಿಗೆ 700, 800, 900 ಮೆಗಾಹರ್ಟ್ಜ್ ಒಳ್ಳೆಯದು, ಜನ ತುಂಬಿದ ಪೇಟೆಗೆ 2300, 3300 ಮೆಗಾಹರ್ಟ್ಜ್ ಬೇಕು. ಮನೆಯ ವೈಫೈಯಲ್ಲೂ ಇದೇ ಕಥೆ. 2.4 ಗಿಗಾಹರ್ಟ್ಜ್ ಒಳಕೋಣೆಯವರೆಗೆ ಮುಟ್ಟುತ್ತದೆ, 5 ಗಿಗಾಹರ್ಟ್ಜ್ ವೇಗ ಕೊಡುತ್ತದೆ ಆದರೆ ಎರಡು ಗೋಡೆ ದಾಟುವಾಗ ಸುಸ್ತಾಗುತ್ತದೆ.

ಹೊಸೂರಿನ ಕೈಗಡಿಯಾರ, ಹೊಸೂರಿನ ಫೋನ್

ಆವರ್ತನ ತಪ್ಪದೆ ಕಾಯುವುದು ಯಾರು? ಒಂದು ಸಣ್ಣ ಕ್ವಾರ್ಟ್ಜ್ ಹರಳು. ಟೈಟನ್ ಕಂಪೆನಿಯ ಮೊದಲ ಕಾರ್ಖಾನೆ 1980ರ ದಶಕದಲ್ಲಿ ಶುರುವಾದದ್ದು ಹೊಸೂರಿನಲ್ಲಿ. ಕ್ವಾರ್ಟ್ಜ್ ಕೈಗಡಿಯಾರದ ಒಳಗೆ ಹರಳೊಂದು ಸೆಕೆಂಡಿಗೆ ಸರಿಯಾಗಿ 32,768 ಸಲ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿ ಮುಳ್ಳು ಒಂದು ಹೆಜ್ಜೆ ಮುಂದಿಡುತ್ತದೆ. ಮೊಬೈಲಿನ ಒಳಗೂ ಅಂಥದ್ದೇ ಹರಳು ಉಂಟು, ಅದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಫೋನ್ ತನಗೆ ಬೇಕಾದ 900 ಅಥವಾ 1800 ಮೆಗಾಹರ್ಟ್ಜ್ ತರಂಗವನ್ನು ತಯಾರಿಸುತ್ತದೆ.

ಈಗ ಹೊಸೂರಿನ ಹತ್ತಿರ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಐಫೋನಿನ ಹೊರಕವಚದ ಭಾಗಗಳು ತಯಾರಾಗುತ್ತವೆ. ಲೋಹದ ಚೌಕಟ್ಟಿನ ಫೋನುಗಳಲ್ಲಿ ಅಂಚಿನ ಸುತ್ತ ಅಲ್ಲಲ್ಲಿ ಸಣ್ಣ ಪ್ಲಾಸ್ಟಿಕ್ ಗೆರೆಗಳು ಇರುವುದನ್ನು ನೋಡಿರಬಹುದು. ಅವು ಅಲಂಕಾರಕ್ಕೆ ಇರುವುದಲ್ಲ. ಲೋಹದ ಆ ತುಂಡುಗಳೇ ಫೋನಿನ ಆಂಟೆನಾ. ಒಂದು ತುಂಡನ್ನು ಇನ್ನೊಂದರಿಂದ ಬೇರೆ ಮಾಡಲು ಪ್ಲಾಸ್ಟಿಕ್ ಗೆರೆ ಬೇಕು. ಆಂಟೆನಾದಲ್ಲಿ ವಿದ್ಯುತ್ ವೇಗವಾಗಿ ಹಿಂದೆ ಮುಂದೆ ಓಡಿದಾಗ ತರಂಗ ಹೊರಡುತ್ತದೆ. ಆ ತರಂಗ ಬೇರೆ ಆಂಟೆನಾಕ್ಕೆ ತಾಗಿದಾಗ ಅಲ್ಲೂ ಸಣ್ಣ ವಿದ್ಯುತ್ ಓಡುತ್ತದೆ. ಕಳಿಸುವುದು, ಪಡೆಯುವುದು ಎಂದರೆ ಮೂಲದಲ್ಲಿ ಇಷ್ಟೇ. ಕೈಯಿಂದ ಅಂಚನ್ನೆಲ್ಲ ಬಿಗಿಯಾಗಿ ಮುಚ್ಚಿ ಹಿಡಿದರೆ, ಲೋಹದ ಕವರ್ ಹಾಕಿದರೆ ಸಿಗ್ನಲ್ ಇಳಿಯುವುದು ಇದಕ್ಕೇ.

ಬರೀ ತರಂಗದಲ್ಲಿ ಮಾತು ಹೇಗೆ ಸೇರುತ್ತದೆ?

ಒಂದೇ ತರಹ ಏರಿಳಿಯುವ ತರಂಗದಲ್ಲಿ ಸುದ್ದಿ ಇರುವುದಿಲ್ಲ. ಸುದ್ದಿ ಇರುವುದು ಬದಲಾವಣೆಯಲ್ಲಿ. ನಮ್ಮ ಮಾತನ್ನು ಫೋನ್ ಮೊದಲು ಸೊನ್ನೆ ಮತ್ತು ಒಂದರ ಸಾಲಾಗಿ ಬರೆದುಕೊಳ್ಳುತ್ತದೆ. ಆಮೇಲೆ ಆ ಸಾಲಿಗೆ ತಕ್ಕಂತೆ ತರಂಗದ ಎತ್ತರವನ್ನು, ಅದು ಹೊರಡುವ ಹೊತ್ತನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತದೆ. ಇದನ್ನೇ ಮಾಡ್ಯುಲೇಶನ್ ಎನ್ನುವುದು.

ಕೈಸನ್ನೆಯ ಉದಾಹರಣೆ ತೆಗೆದುಕೊಳ್ಳಿ. ಹತ್ತಿರ ನಿಂತವನಿಗೆ ಐದು ಬೆರಳು ಬಳಸಿ ಬೇಕಾದಷ್ಟು ಸಂಖ್ಯೆ ತೋರಿಸಬಹುದು. ಮೈದಾನದ ಆ ತುದಿಯಲ್ಲಿ ನಿಂತವನಿಗೆ ಬೆರಳು ಕಾಣುವುದಿಲ್ಲ, ಕೈ ಎತ್ತಿದ್ದೋ ಇಳಿಸಿದ್ದೋ ಅಷ್ಟೇ ಗೊತ್ತಾಗುತ್ತದೆ. ಟವರೂ ಹೀಗೇ ಮಾಡುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ 256 ಬಗೆಯ ಸನ್ನೆಗಳನ್ನು ಬಳಸುತ್ತದೆ, ಒಂದೊಂದು ಸನ್ನೆಗೆ 8 ಬಿಟ್ ಹೋಗುತ್ತದೆ. ಸಿಗ್ನಲ್ ಹಾಳಾದರೆ ಬರೀ 4 ಸನ್ನೆಗಳಿಗೆ ಇಳಿಯುತ್ತದೆ, ಆಗ ಒಂದಕ್ಕೆ 2 ಬಿಟ್ ಮಾತ್ರ. ತಪ್ಪಾಗಿ ಮುಟ್ಟಿದ್ದನ್ನು ಮತ್ತೆ ಕಳಿಸಬೇಕು. ಕಾಲ್ ಹೇಗೋ ನಡೆಯುತ್ತದೆ, ವಿಡಿಯೋ ಮಾತ್ರ ಸುತ್ತುತ್ತಲೇ ಇರುತ್ತದೆ ಎಂದರೆ ಆಗಿರುವುದು ಇದು.

ಒಂದೇ ಟವರಿಗೆ ನೂರಾರು ಫೋನುಗಳು ಅಂಟಿಕೊಂಡಿರುವಾಗ ಮಾತು ಕಲಸಿಹೋಗುವುದಿಲ್ಲವೇ? ಅದಕ್ಕೆ ಸರದಿ ಉಂಟು. 2ಜಿಯಲ್ಲಿ ಒಂದು ಆವರ್ತನವನ್ನು 8 ಹೊತ್ತುಗಳಾಗಿ ಹಂಚುತ್ತಾರೆ. ಪ್ರತಿ ಫೋನ್ ತನ್ನ ಸರದಿ ಬಂದಾಗ ಮಾತ್ರ, ಸೆಕೆಂಡಿಗೆ ಸುಮಾರು 217 ಸಲ, ಪಟಪಟ ಎಂದು ಸಿಗ್ನಲ್ ಬಿಡುತ್ತದೆ. ಹಳೆಯ ಫೋನುಗಳ ಕಾಲದಲ್ಲಿ ಮಸೀದಿಯಲ್ಲಿ ಜುಮಾ ಖುತ್ಬಾ ನಡೆಯುವಾಗ ಮೈಕಿನ ಹತ್ತಿರ ಯಾರದ್ದೋ ಜೇಬಿನಲ್ಲಿ ಫೋನ್ ಬಂದರೆ ಸ್ಪೀಕರಿನಲ್ಲಿ 'ಟಿಟ್ಟಿಟ್ಟಿ ಟಿಟ್ಟಿಟ್ಟಿ' ಎಂದು ಕೇಳುತ್ತಿತ್ತಲ್ಲ, ಅದು ಇದೇ ಸದ್ದು. ಮೈಕಿನ ವೈರ್ ಆಂಟೆನಾದಂತೆ ವರ್ತಿಸಿ ಆ ಪಟಪಟವನ್ನು ಹಿಡಿಯುತ್ತಿತ್ತು. ಫೋನ್ ಸೈಲೆಂಟ್ ಮಾಡಿದರೂ ಸದ್ದು ಬರುತ್ತಿದ್ದದ್ದು ಅದಕ್ಕೇ. ಸೈಲೆಂಟ್ ಮಾಡಿದರೆ ರಿಂಗ್ ನಿಲ್ಲುತ್ತದೆ, ರೇಡಿಯೋ ನಿಲ್ಲುವುದಿಲ್ಲ.

4ಜಿ, 5ಜಿಯಲ್ಲಿ ಹಂಚಿಕೆ ಬೇರೆ ತರಹ. 20 ಮೆಗಾಹರ್ಟ್ಜ್ ಅಗಲದ 4ಜಿ ದಾರಿಯನ್ನು 1,200 ಸಣ್ಣ ಓಣಿಗಳಾಗಿ ಸೀಳಿ, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಹೊತ್ತಿಗೊಮ್ಮೆ ಯಾರಿಗೆ ಎಷ್ಟು ಓಣಿ ಎಂದು ಟವರ್ ತೀರ್ಮಾನಿಸುತ್ತದೆ. ಇರುವ ಓಣಿಗಳನ್ನೇ ಎಲ್ಲರಿಗೂ ಹಂಚಬೇಕು. ಪೆರ್ನಾಲ್ ದಿನ ಬೆಳಿಗ್ಗೆ ನಮಾಝ್ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಕಾಲ್ ಮಾಡಿದಾಗ ಕಡ್ಡಿ ತುಂಬಾ ಇದ್ದರೂ ಲೈನ್ ಸಿಗದಿರುವುದು, ಹಜ್ಜ್ ಸಮಯದಲ್ಲಿ ಮಿನಾ, ಅರಫಾದಲ್ಲಿ ನೆಟ್ ನಿಧಾನವಾಗುವುದು ಸಿಗ್ನಲ್ ಕಡಿಮೆಯಾಗಿ ಅಲ್ಲ, ಸರದಿ ಉದ್ದವಾಗಿ.

ವೈರ್‌ಲೆಸ್ ಎನ್ನುವುದು ಮೊದಲ ಹೆಜ್ಜೆ ಮಾತ್ರ

ಹೊಸೂರಿನಿಂದ ದಮ್ಮಾಮಿಗೆ ಕಾಲ್ ಹೋಗುವಾಗ ಅದು ಆಕಾಶದಲ್ಲೇ ಹಾರಿ ಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನಿಮ್ಮ ಫೋನಿನಿಂದ ಟವರಿನವರೆಗೆ, ಕೆಲವು ನೂರು ಮೀಟರ್ ಅಥವಾ ಕೆಲವು ಕಿಲೋಮೀಟರ್ ಮಾತ್ರ ಅದು ವೈರ್‌ಲೆಸ್. ಟವರಿನಿಂದ ಮುಂದೆ ಹೆಚ್ಚಾಗಿ ನೆಲದಡಿಯ ಫೈಬರ್ ಕೇಬಲ್, ಕೇಬಲ್ ಎಳೆಯಲಾಗದ ಕಡೆ ಟವರಿನಿಂದ ಟವರಿಗೆ ಮೈಕ್ರೋವೇವ್. ಟವರ್ ಮೇಲೆ ಡೋಲಿನಂತೆ ದುಂಡಗೆ ಕಾಣುವುದು ಅದರ ಆಂಟೆನಾ. ಅಲ್ಲಿಂದ ಕಂಪೆನಿಯ ಸರ್ವರ್, ನಂತರ ಚೆನ್ನೈ ಅಥವಾ ಮುಂಬೈಯಿಂದ ಸಮುದ್ರದಡಿಯ ಕೇಬಲ್, ಆಚೆ ದೇಶದ ಫೈಬರ್, ಕೊನೆಗೆ ಅಲ್ಲಿನ ಟವರ್. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಜಿದ್ದಾ ಸಮೀಪ ಕೇಬಲ್‌ಗಳು ತುಂಡಾದಾಗ ಗಲ್ಫ್‌ನಲ್ಲೂ ನಮ್ಮಲ್ಲೂ ಇಂಟರ್‌ನೆಟ್ ನಿಧಾನವಾದದ್ದು ನೆನಪಿರಬಹುದು.

ಹಾಗಾಗಿ ರಸ್ತೆ ಅಗೆಯುವ ಜೆಸಿಬಿ ಒಂದು ಫೈಬರ್ ಕತ್ತರಿಸಿದರೆ ಟವರ್ ನಿಂತಲ್ಲೇ ನಿಂತಿರುತ್ತದೆ, ಕಡ್ಡಿ ತುಂಬಿರುತ್ತದೆ, ಮಾತು ಮಾತ್ರ ಹೋಗುವುದಿಲ್ಲ.

ಟವರ್ ಎದುರಿಗಿದ್ದರೂ ಸಿಗ್ನಲ್ ಯಾಕಿಲ್ಲ?

ಕಾರಣಗಳನ್ನು ಒಂದೊಂದಾಗಿ ನೋಡಿ. ಒಂದು, ಆ ಟವರಿನಲ್ಲಿ ನಿಮ್ಮ ಕಂಪೆನಿಯ ಆಂಟೆನಾ ಇಲ್ಲದೇ ಇರಬಹುದು. ಎರಡು, ಟವರಿನ ಆಂಟೆನಾ ಟ್ಯೂಬ್‌ಲೈಟಿನಂತೆ ಸುತ್ತಲೂ ಬೆಳಕು ಚೆಲ್ಲುವುದಿಲ್ಲ, ಟಾರ್ಚಿನಂತೆ ದಿಕ್ಕು ಹಿಡಿದು ಬಿಡುತ್ತದೆ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ ಇಟ್ಟು ವೃತ್ತವನ್ನು ಹಂಚುತ್ತಾರೆ. ಅವು ದೂರಕ್ಕೆ ನೋಡುತ್ತವೆ, ಸ್ವಲ್ಪ ಮಾತ್ರ ಕೆಳಗೆ ಬಾಗಿರುತ್ತವೆ. ಟವರಿನ ಬುಡದಲ್ಲಿ ಇರುವವನ ತಲೆಯ ಮೇಲಿಂದ ಸಿಗ್ನಲ್ ಹಾದುಹೋಗುತ್ತದೆ. ಮೂರು, ಕಟ್ಟಡ. ಆರ್‌ಸಿಸಿ ಸ್ಲ್ಯಾಬಿನ ಕಬ್ಬಿಣದ ಜಾಲ, ತಗಡಿನ ಮಾಡು, ಲಿಫ್ಟಿನ ಉಕ್ಕಿನ ಪೆಟ್ಟಿಗೆ ತರಂಗವನ್ನು ಹಿಂದಕ್ಕೆ ತಳ್ಳುತ್ತವೆ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಂಥ ಕಡೆಗಳ ತಗಡಿನ ಶೆಡ್ಡಿನೊಳಗೆ ಫೋನ್ ಒದ್ದಾಡುವುದು ಇದಕ್ಕೇ.

ನಾಲ್ಕು, ಭೂಮಿ. ಕೃಷ್ಣಗಿರಿ ಜಿಲ್ಲೆ ಮಾವಿಗೂ ಗ್ರಾನೈಟ್ ಕಲ್ಲಿಗೂ ಹೆಸರಾದದ್ದು. ಅಲ್ಲಲ್ಲಿ ಒಂಟಿ ಕಲ್ಲುಬೆಟ್ಟಗಳು ಎದ್ದು ನಿಂತಿವೆ. ಕೃಷ್ಣಗಿರಿಯ ಕೋಟೆ ಇರುವುದು ಅಂಥದೇ ಬೆಟ್ಟದಲ್ಲಿ, ಜನ ಅದನ್ನು ಸೈಯದ್ ಬಾಷಾ ಬೆಟ್ಟ ಎಂದೂ ಕರೆಯುತ್ತಾರೆ. ರಾಯಕೋಟೆಯದ್ದೂ ಬೆಟ್ಟದ ಕೋಟೆ. ಹೈದರಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಈ ಕೋಟೆಗಳಿಗಾಗಿ ಯುದ್ಧ ನಡೆಯುತ್ತಿದ್ದದ್ದು ಎತ್ತರದಿಂದ ದೂರದ ದಾರಿಗಳು ಕಾಣುತ್ತಿದ್ದ ಕಾರಣಕ್ಕೂ ಹೌದು. ಟವರಿಗೂ ಬೇಕಾದದ್ದು ಅದೇ ಎತ್ತರ, ಅದೇ ನೇರ ನೋಟ. ಬೆಟ್ಟದ ಮರೆಯಲ್ಲಿರುವ ಊರಿಗೆ ಟವರ್ ಕಾಣದಿದ್ದರೆ ಸಿಗ್ನಲಿನ ನೆರಳು ಬೀಳುತ್ತದೆ. ದೇಂಕಣಿಕೋಟೆಯಿಂದ ಅಂಚೆಟ್ಟಿ ಕಡೆಗಿನ ಬೆಟ್ಟ–ಕಾಡಿನ ದಾರಿಯಲ್ಲಿ ಬೆಟ್ಟಗಳ ಜೊತೆಗೆ ಮರಗಳೂ ಸೇರುತ್ತವೆ. ಎಲೆಗಳಲ್ಲಿರುವ ನೀರು ಗಿಡ್ಡ ತರಂಗಗಳನ್ನು ಹೀರಿಕೊಳ್ಳುತ್ತದೆ.

ಐದು, ದೂರ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ ಶಕ್ತಿ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ, ಕಟ್ಟಡಗಳ ನಡುವೆ ಇನ್ನೂ ಬೇಗ. ಫೋನಿನ ಸೆಟ್ಟಿಂಗ್‌ನಲ್ಲಿ ಸಿಮ್ ಸ್ಥಿತಿ ನೋಡಿದರೆ ಡಿಬಿಎಂ ಎಂಬ ಮೈನಸ್ ಸಂಖ್ಯೆ ಕಾಣುತ್ತದೆ. ಮೈನಸ್ 80 ಒಳ್ಳೆಯದು, ಮೈನಸ್ 110 ಕೆಟ್ಟದು. ಪ್ರತಿ 10 ಇಳಿದಾಗ ಶಕ್ತಿ ಹತ್ತರಲ್ಲಿ ಒಂದಾಗುತ್ತದೆ. ಮೈನಸ್ 100 ಎಂದರೆ ಒಂದು ವ್ಯಾಟ್‌ನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗ. ಅಷ್ಟು ಸಣ್ಣ ಪಿಸುಮಾತನ್ನು ಹಿಡಿದು ಫೋನ್ ನಿಮ್ಮ ಉಮ್ಮನ ಸ್ವರವಾಗಿ ಕೇಳಿಸುತ್ತದೆ. ಕಡ್ಡಿಗಳನ್ನು ನಂಬುವುದಕ್ಕಿಂತ ಈ ಸಂಖ್ಯೆ ನೋಡುವುದು ಒಳ್ಳೆಯದು, ಯಾಕೆಂದರೆ ಎಷ್ಟಕ್ಕೆ ಎಷ್ಟು ಕಡ್ಡಿ ಎನ್ನುವುದನ್ನು ಒಂದೊಂದು ಫೋನ್ ಕಂಪೆನಿ ಒಂದೊಂದು ತರ ಇಟ್ಟಿರುತ್ತದೆ.

ಗಡಿ ಇರುವುದು ಕಾಗದದಲ್ಲಿ, ತರಂಗದಲ್ಲಲ್ಲ

ಈಗ ಅತ್ತಿಬೆಲೆಯ ಪ್ರಶ್ನೆಗೆ ಬರೋಣ. ಟೆಲಿಕಾಂ ಲೈಸೆನ್ಸಿಗಾಗಿ ಸರ್ಕಾರ ದೇಶವನ್ನು 22 ಸರ್ಕಲ್‌ಗಳಾಗಿ ವಿಂಗಡಿಸಿದೆ. ಅತ್ತಿಬೆಲೆ ಕರ್ನಾಟಕ ಸರ್ಕಲ್, ಹೊಸೂರು ತಮಿಳುನಾಡು ಸರ್ಕಲ್. ತಲಪಾಡಿಯ ಈಚೆ ಕರ್ನಾಟಕ, ಆಚೆ ಕೇರಳ. ಕಂಪೆನಿಯ ಹೆಸರು ಒಂದೇ ಇದ್ದರೂ ಫೋನಿನ ಕಣ್ಣಿಗೆ ಅವು ಬೇರೆ ಬೇರೆ ಸಂಕೇತ ಸಂಖ್ಯೆಯ ನೆಟ್‌ವರ್ಕ್‌ಗಳಾಗಿರಬಹುದು. ಹೊಸೂರಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಅಂಗಡಿಯಲ್ಲಿ ಕೇಳಿಸುತ್ತವೆ, ಜನ ದಿನಕ್ಕೆ ಎರಡು ಸಲ ಗಡಿ ದಾಟುತ್ತಾರೆ. ತರಂಗಕ್ಕಂತೂ ಚೆಕ್‌ಪೋಸ್ಟ್ ಗೊತ್ತಿಲ್ಲ. ಅತ್ತಿಬೆಲೆಯ ಟವರ್ ಜುಜುವಾಡಿಗೂ ಕೇಳಿಸುತ್ತದೆ, ಅಲ್ಲಿಯದ್ದು ಇಲ್ಲಿಗೂ.

ಫೋನಿಗೆ ಒಂದು ನಿಯಮ ಕಲಿಸಿರುತ್ತಾರೆ: ಮೊದಲು ನಿನ್ನ ಸ್ವಂತ ನೆಟ್‌ವರ್ಕ್ ಹುಡುಕು, ಸಿಗದಿದ್ದರೆ ಮಾತ್ರ ಬೇರೆಯದಕ್ಕೆ ಹೋಗು, ಹೋದರೂ ಆಗಾಗ ನಿನ್ನದು ಸಿಗುತ್ತದಾ ಎಂದು ನೋಡು. ಹೀಗಾಗಿ ಬೆಂಗಳೂರಿನ ಸಿಮ್ ಇರುವ ಫೋನ್ ಹೊಸೂರಿನ ಗಟ್ಟಿ ಸಿಗ್ನಲನ್ನು ಬಿಟ್ಟು ದೂರದ ಅತ್ತಿಬೆಲೆಯ ಬಡಕಲು ಸಿಗ್ನಲಿಗೆ ಜೋತುಬೀಳುತ್ತದೆ. ಅದೂ ತಪ್ಪಿದಾಗ ಹುಡುಕಾಟ ಶುರು. ಒಂದೇ ಸರ್ಕಲ್ ಒಳಗೆ ಕಾರು ಓಡುವಾಗ ಒಂದು ಟವರ್ ನಿಮ್ಮ ಕಾಲನ್ನು ಇನ್ನೊಂದಕ್ಕೆ ಕೈಬದಲಾಯಿಸುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸರ್ಕಲ್‌ನಿಂದ ಸರ್ಕಲ್‌ಗೆ ಈ ಕೈಬದಲಾವಣೆ ಎಲ್ಲ ಕಡೆ ಅಷ್ಟು ಸಲೀಸಾಗಿ ಆಗುವುದಿಲ್ಲ. ಗಡಿಯಲ್ಲಿ ಕಾಲ್ ಕಟ್ ಆಗುವುದಕ್ಕೆ ಇದೊಂದು ದೊಡ್ಡ ಕಾರಣ.

ಬ್ಯಾಟರಿ ಬೇಗ ಖಾಲಿ ಆಗುವುದೂ ಇದರ ಭಾಗವೇ. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಹತ್ತಿರ ಇದ್ದರೆ ಮೆಲ್ಲಗೆ ಮಾತಾಡಿದರೆ ಸಾಕು. 4ಜಿ ಫೋನ್ ಗರಿಷ್ಠ ಎಂದರೆ ಸುಮಾರು 200 ಮಿಲಿವ್ಯಾಟ್‌ನಲ್ಲಿ ಕೂಗುತ್ತದೆ.

ಒಂದು ಕಾಲದಲ್ಲಿ ಗಡಿಯ ಜನ ರೋಮಿಂಗ್ ದುಡ್ಡಿಗೆ ಹೆದರಿ ಎರಡು ಸಿಮ್ ಇಟ್ಟುಕೊಳ್ಳುತ್ತಿದ್ದರು. 2015ರ ಜುಲೈಯಿಂದ ದೇಶದ ಯಾವ ಸರ್ಕಲ್‌ಗೆ ಹೋದರೂ ನಂಬರ್ ಬದಲಿಸದೆ ಪೋರ್ಟ್ ಮಾಡುವ ಅವಕಾಶ ಬಂತು. 2016–17ರಲ್ಲಿ ಕಂಪೆನಿಗಳು ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟವು. ದುಡ್ಡಿನ ಗಡಿ ಹೋಯಿತು, ತಾಂತ್ರಿಕ ಗಡಿ ಹಾಗೇ ಉಳಿದಿದೆ.

ಗಡಿಯಲ್ಲಿ ಏನು ಮಾಡಬೇಕು?

ಕಡ್ಡಿ ಇದ್ದು ನೆಟ್ ಇಲ್ಲದಿದ್ದರೆ ಮೊದಲು ಸೆಟ್ಟಿಂಗ್‌ನಲ್ಲಿ ಡೇಟಾ ರೋಮಿಂಗ್ ಆನ್ ಇದೆಯಾ ನೋಡಿ. ಕೆಲವು ಫೋನುಗಳು ಪಕ್ಕದ ಸರ್ಕಲನ್ನು ರೋಮಿಂಗ್ ಎಂದು ತಿಳಿದು ಡೇಟಾ ನಿಲ್ಲಿಸುತ್ತವೆ. ಆದರೆ ಗಲ್ಫ್‌ಗೆ ಹೊರಡುವ ಮುಂಚೆ ಅದನ್ನು ಆಫ್ ಮಾಡಲು ಮರೆಯಬೇಡಿ. ಪ್ಯಾಕ್ ಇಲ್ಲದೆ ವಿದೇಶದಲ್ಲಿ ಡೇಟಾ ಓಡಿದರೆ ಬಿಲ್ ಭಾರಿ ಆಗುತ್ತದೆ.

ಫೋನ್ ಬಡಕಲು ಸಿಗ್ನಲಿಗೆ ಅಂಟಿಕೊಂಡಿದ್ದರೆ ಏರೋಪ್ಲೇನ್ ಮೋಡ್ ಹತ್ತು ಸೆಕೆಂಡ್ ಹಾಕಿ ತೆಗೆಯಿರಿ, ಅದು ಹೊಸದಾಗಿ ಹುಡುಕುತ್ತದೆ. ಅಂಗಡಿ, ಬೇಸ್‌ಮೆಂಟ್, ತಗಡಿನ ಶೆಡ್ಡಿನಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಆಗ ಸಾಮಾನ್ಯ ಕಾಲ್ ಕೂಡ ವೈಫೈ ಮೂಲಕವೇ ಹೋಗುತ್ತದೆ. ಹಣ ಪಡೆಯುವ ಕ್ಯೂಆರ್ ಸೌಂಡ್‌ಬಾಕ್ಸನ್ನು ಒಳಗೆ ಮೂಲೆಯಲ್ಲಿ ಇಡದೆ ಬಾಗಿಲು, ಕಿಟಕಿ ಕಡೆ ಇಡಿ. ಅದರೊಳಗೂ ಸಿಮ್ ಉಂಟು.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸಿಗ್ನಲ್ ಬೂಸ್ಟರ್ ತಂದು ಹಾಕಬೇಡಿ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅದು ನಿಮಗೆ ಬೇಕಾದ ಸಿಗ್ನಲ್ ಜೊತೆ ಕಸವನ್ನೂ ಜೋರು ಮಾಡಿ ಸುತ್ತಲಿನ ಇಡೀ ಬೀದಿಯ ಕಾಲ್ ಹಾಳು ಮಾಡಬಹುದು.

ಎಲ್ಲಕ್ಕಿಂತ ಮುಖ್ಯ, 112. ನಿಮ್ಮ ಕಂಪೆನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವ ಕಂಪೆನಿಯ ಟವರ್ ಸಿಕ್ಕಿದರೂ ಫೋನ್ ತುರ್ತು ಕರೆಯನ್ನು ಅದರ ಮೂಲಕ ಕಳಿಸಲು ನೋಡುತ್ತದೆ. ಸಿಗ್ನಲ್ ಇಲ್ಲ ಎಂದು ಪ್ರಯತ್ನ ಮಾಡದೇ ಬಿಡಬೇಡಿ. ಗಡಿಯಲ್ಲಿ ಇನ್ನೊಂದು ವಿಷಯ ನೆನಪಿಡಿ. ನಿಮ್ಮ ಕರೆ ಹಿಡಿದ ಟವರ್ ಆಚೆ ರಾಜ್ಯದ್ದಾಗಿದ್ದರೆ ಉತ್ತರಿಸುವವರೂ ಆ ರಾಜ್ಯದವರೇ ಆಗಿರಬಹುದು. ಹಾಗಾಗಿ ಹೆಸರು, ಊರು ಎಂದು ಶುರು ಮಾಡದೆ ಮೊದಲು ಜಾಗ ಹೇಳಿ: ಯಾವ ರಾಜ್ಯ, ಯಾವ ಹೆದ್ದಾರಿ, ಯಾವ ಕಡೆ ಹೋಗುವ ರಸ್ತೆ, ಹತ್ತಿರದ ಮೈಲಿಗಲ್ಲು ಅಥವಾ ಗುರುತು. ಲೈನ್ ಕಟ್ ಆಗುವ ಮುಂಚೆ ಜಾಗ ಮುಟ್ಟಿದರೆ ಒಂದು ಜೀವ ಉಳಿಯಬಹುದು.

ಹೆದರಿಕೆ ಮತ್ತು ಮೋಸ

ಟವರ್ ಬಂದರೆ ಕ್ಯಾನ್ಸರ್ ಬರುತ್ತದೆ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲೂ ಓಡಾಡುತ್ತದೆ. ಎಕ್ಸ್‌ರೇ, ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತು ಡಿಎನ್‌ಎಗೆ ಹಾನಿ ಮಾಡುವ ಶಕ್ತಿ ಇದೆ. ರೇಡಿಯೋ ತರಂಗಕ್ಕೆ ಆ ಶಕ್ತಿ ಇಲ್ಲ, ಅದು ತುಂಬಾ ಜೋರಾದರೆ ಬಿಸಿ ಮಾಡಬಲ್ಲದು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇದನ್ನು 'ಸಾಧ್ಯತೆ ಇರಬಹುದಾದ' 2ಬಿ ಗುಂಪಿಗೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದೆ, ಇನ್ನೂ ಅಧ್ಯಯನ ಬೇಕು ಎನ್ನುವುದು ಆ ಗುಂಪಿನ ಅರ್ಥ, ಕ್ಯಾನ್ಸರ್ ಬಂದೇ ಬರುತ್ತದೆ ಎಂದಲ್ಲ. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಟವರ್ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದಕ್ಕೆ ಇಳಿಸಲಾಗಿದೆ. ಫೋನಿನ ಎಸ್‌ಎಆರ್ ಪ್ರಮಾಣ ಕಿಲೋಗೆ 1.6 ವ್ಯಾಟ್ ದಾಟಬಾರದು. ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ತುಂಬಾ ಫೋನುಗಳಲ್ಲಿ ಅದು ಕಾಣುತ್ತದೆ. ಇನ್ನೊಂದು ತಮಾಷೆ: ಟವರ್ ದೂರ ಹೋದಷ್ಟೂ ಕಿವಿಗೆ ಹಿಡಿದ ಫೋನ್ ಹೆಚ್ಚು ಶಕ್ತಿ ಬಿಡಬೇಕಾಗುತ್ತದೆ.

ನಿಜವಾಗಿ ಹೆದರಬೇಕಾದದ್ದು ಟವರ್ ಹೆಸರಿನ ವಂಚನೆಗೆ. "ನಿಮ್ಮ ಜಾಗದಲ್ಲಿ, ಟೆರೇಸಿನಲ್ಲಿ ಟವರ್ ಹಾಕ್ತೇವೆ, ತಿಂಗಳಿಗೆ ಭರ್ಜರಿ ಬಾಡಿಗೆ, ಮುಂಗಡ ಕೊಡ್ತೇವೆ, ಮೊದಲು ನೀವು ನೋಂದಣಿ ಫೀಸ್ ಕಟ್ಟಿ" ಎಂದು ಟ್ರಾಯ್ ಹೆಸರಿನ ನಕಲಿ ಪತ್ರ ಕಳಿಸುವವರಿದ್ದಾರೆ. ಟವರ್ ಹಾಕಲು ಟ್ರಾಯ್ ಯಾವ ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ ಎಂದು ಟ್ರಾಯ್ ಸ್ವತಃ ಮತ್ತೆ ಮತ್ತೆ ಹೇಳಿದೆ. ಜಾಗ ಕೊಡುವವನಿಗೆ ಕಂಪೆನಿ ಹಣ ಕೊಡಬೇಕು, ಜಾಗದವನು ಕಂಪೆನಿಗೆ ಕೊಡುವುದಲ್ಲ. ಮೊದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯುವಕರಿಗೆ ಒಂದು ಮಾತು

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕೋಲ್ಕತ್ತಾದಿಂದ ಜ್ಯೋತಿ ಬಸು ದೆಹಲಿಯ ಸುಖ್‌ರಾಮ್ ಅವರ ಜೊತೆ ಮಾತನಾಡಿದಾಗ. 2022ರ ಅಕ್ಟೋಬರ್ 1ಕ್ಕೆ 5ಜಿ ಬಂತು. ಅದೇ ವರ್ಷ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಬಿಎಸ್‌ಎನ್‌ಎಲ್ ಸ್ವದೇಶಿ ಉಪಕರಣಗಳ 4ಜಿ ಶುರು ಮಾಡಿತು. ಅದರ ರೇಡಿಯೋ ಉಪಕರಣ ಕೊಟ್ಟದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. 1948ರಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಶುರುವಾದದ್ದೂ ಬೆಂಗಳೂರಿನಲ್ಲೇ, ಅದರಿಂದಲೇ ಆ ಜಾಗಕ್ಕೆ ದೂರವಾಣಿ ನಗರ ಎಂದು ಹೆಸರು. ಬೆಂಗಳೂರಿನಿಂದ ಹೊಸೂರು ದಾಟಿ ಕೃಷ್ಣಗಿರಿಯವರೆಗಿನ ಈ ಪಟ್ಟಿಯಲ್ಲಿ ಫೋನಿನ ಭಾಗವೂ ತಯಾರಾಗುತ್ತದೆ, ಟವರಿನ ಭಾಗವೂ.

ನಮ್ಮ ಸಮುದಾಯದಲ್ಲಿ ಮೊಬೈಲ್ ಮಾರುವವರು, ರಿಪೇರಿ ಮಾಡುವವರು ಬೇಕಾದಷ್ಟು ಇದ್ದಾರೆ. ಅದು ಮರ್ಯಾದೆಯ ದುಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕೈಗಳು ಒಂದು ಹೆಜ್ಜೆ ಮುಂದೆ ಹೋಗಬಹುದು. ಫೈಬರ್ ಜೋಡಿಸುವ ಕೆಲಸ, ಟವರಿನ ನಿರ್ವಹಣೆ, ಸಿಗ್ನಲ್ ಅಳೆದು ಆಂಟೆನಾ ಸರಿಪಡಿಸುವ ಕೆಲಸ, ರೇಡಿಯೋ ಚಿಪ್ ವಿನ್ಯಾಸ, ಎಲ್ಲಕ್ಕೂ ದಾರಿ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳಲ್ಲೇ ಇದೆ. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಪಿಯುಸಿಯ ಭೌತಶಾಸ್ತ್ರದಲ್ಲಿ 'ವಿದ್ಯುತ್ಕಾಂತೀಯ ತರಂಗಗಳು' ಎಂಬ ಅಧ್ಯಾಯ ಬರುತ್ತದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಪಾಠ ಅದಲ್ಲ. ಕೈಯಲ್ಲಿರುವ ಫೋನನ್ನು ಮುಂದಿಟ್ಟುಕೊಂಡು ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆದು ಓದಿ.